ಹದಿನೆಂಟನೆಯ ಬಸದಿಯ ಕಲ್ಲುಸಕ್ಕರೆ

ನನ್ನ ಅತ್ತೆ ಮೆತ್ತಗೆ ಮಾತಾಡಿದರೆ ನನಗೆ ಭಯವಾಗುತ್ತದೆ. ಬಂಟ್ವಾಳದಿಂದ ಮದುವೆಯಾಗಿ ಗುರುವಾಯನಕೆರೆಯ ಈ ಮನೆಗೆ ಬಂದ ಹೊಸತರಲ್ಲಿ ಅವರ ಗದರಿಕೆಗೆ ಹೆದರುತ್ತಿದ್ದೆ. ಈಗ ಅದು ತಿರುಗಾಮುರುಗಾ ಆಗಿದೆ. ಅವರಿಗೆ ಸಕ್ಕರೆ ಕಾಯಿಲೆ ಹೆಚ್ಚಿ ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ ಶುರುವಾದ ಮೇಲೆ ನಾನೇ ಕಂಡುಕೊಂಡದ್ದು ಇದು: ರಕ್ತದಲ್ಲಿ ಸಕ್ಕರೆ ಇಳಿಯತೊಡಗಿದರೆ ಅವರಿಗೆ ಮೊದಲು ಬರುವುದು ಬೆವರಲ್ಲ, ನಡುಕವೂ ಅಲ್ಲ. ಮೊದಲು ಸಿಟ್ಟು ಹೋಗುತ್ತದೆ. "ಆಯ್ತು ಮಗಳೇ" ಅನ್ನುತ್ತಾರೆ. ಆ 'ಮಗಳೇ' ಕಿವಿಗೆ ಬಿದ್ದರೆ ಸಾಕು, ನಾನು ಕಲ್ಲುಸಕ್ಕರೆಯ ಡಬ್ಬಿಗೆ ಓಡುತ್ತೇನೆ.

ಅಷ್ಟೇ ಆಗಿದ್ದರೆ ನಿಭಾಯಿಸಬಹುದಿತ್ತು. ಆದರೆ ಅತ್ತೆ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ನಾವು ಜೈನರು. ನನ್ನಂಥವರು ರಾತ್ರಿ ಮಕ್ಕಳ ಜೊತೆ ಕುಳಿತು ಉಣ್ಣುತ್ತೇವೆ, ಅವರಂಥವರು ಉಣ್ಣುವುದಿಲ್ಲ. ಹೋಟೆಲಿನದ್ದು ಆಗದು, ಅಂಗಡಿಯ ಬಿಸ್ಕತ್ತು ಆಗದು, ಸೋಸದ ನೀರು ಆಗದು. ಸಂಜೆಯ ಸೂಜಿ ಹಾಕಿ ಸ್ವಲ್ಪ ಕಾದು, ಅರ್ಧ ಗಂಟೆಯೊಳಗೆ ಊಟ ಮುಗಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ನಮ್ಮ ಮನೆಯಲ್ಲಿ ಸಂಜೆಯ ಕೆಲಸವೆಲ್ಲ ಗಡಿಯಾರ ನೋಡಿ ನಡೆಯುವುದಿಲ್ಲ, ಪಡುವಣ ನೋಡಿ ನಡೆಯುತ್ತದೆ. ಹಿಂದೊಂದು ಮಳೆಗಾಲದಲ್ಲಿ, ಸೂರ್ಯನೇ ಕಾಣದ ದಿನ, "ಇನ್ನೂ ಮುಳುಗಿಲ್ಲ ಅತ್ತೆ, ಉಣ್ಣಿ" ಎಂದು ನಾನು ಅವರನ್ನು ಎಲೆಯ ಮುಂದೆ ಕೂರಿಸಿದ್ದೆ. ಮುಳುಗಿತ್ತೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಸೂರ್ಯನ ವಿಷಯದಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಇಂಥ ಅತ್ತೆಗೆ ಮೂಡಬಿದ್ರೆಯ ಹದಿನೆಂಟು ಬಸದಿಗಳನ್ನು ಒಂದೇ ದಿನದಲ್ಲಿ ನೋಡಬೇಕೆಂಬ ಆಸೆ ಹುಟ್ಟಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಎಲ್ಲೆಲ್ಲಿಗೋ ತೀರ್ಥಯಾತ್ರೆ ಹೋಗಿ ಬಂದವರು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಮೂಡಬಿದ್ರೆಯಲ್ಲಿ ಸಾವಿರ ಕಂಬದ ಬಸದಿ, ಗುರು ಬಸದಿ ಬಿಟ್ಟರೆ ಬೇರೆ ಕಂಡವರಲ್ಲ. ಆಸೆ ಹುಟ್ಟಿಸಿದ್ದು ನಮ್ಮ ಪೇಟೆಯ ಸ್ಟ್ಯಾಂಡಿನ ಒಂದು ರಿಕ್ಷಾ. ಅದರ ಬೆನ್ನಿಗೆ 'ಮೂಡಬಿದ್ರೆ ಹದಿನೆಂಟು ಬಸದಿ, ವಿವರಣೆ ಸಹಿತ' ಎಂದು ಬರೆದಿತ್ತು. ಓಡಿಸುವವನು ಪಾಣೆಮಂಗಳೂರಿನ ಬ್ಯಾರಿ ಮುಸಲ್ಮಾನ, ನಲವತ್ತರ ಆಸುಪಾಸು. ಗಲ್ಫಿನಲ್ಲಿ ಪ್ರವಾಸಿಗಳನ್ನು ಮರಳುಗಾಡು ಸುತ್ತಿಸುವ ಗಾಡಿಯಲ್ಲಿ ಕೆಲಸ ಮಾಡಿ, ಊರಿಗೆ ಮರಳಿ, ಹೆಂಡತಿಯ ಊರಾದ ನಮ್ಮಲ್ಲಿ ನೆಲೆಸಿದ್ದ. ಅಲ್ಲಿ ಕಲಿತ ವಿದ್ಯೆ ಇಲ್ಲಿ ರಿಕ್ಷಾದೊಳಗೆ ಒಂದು ಸಣ್ಣ ಸ್ಪೀಕರ್, ಕೊರಳಿಗೆ ನೇತುಹಾಕುವ ಒಂದು ಮೈಕ್ ಆಗಿತ್ತು.

ಅದೇ ರಿಕ್ಷಾದಲ್ಲಿ ನಾನೂ ಅತ್ತೆಯೂ ಹೊರಟೆವು. ಮೂವರಿಗೂ ಚೆನ್ನಾಗಿ ತುಳು ಬರುತ್ತಿತ್ತು. ಆದರೂ ಅವನು ಮೈಕ್ ಹಾಕಿದ ಕೂಡಲೇ ಶಾಲೆಯ ಭಾಷಣದ ಕನ್ನಡಕ್ಕೆ ಇಳಿಯುತ್ತಿದ್ದ.

"ಮಾನ್ಯ ಪ್ರವಾಸಿಗರೇ, ನಿಮ್ಮ ಬಲಗಡೆಗೆ ಕಾಣುವಂಥದ್ದು ಮಾನಸ್ತಂಭ."

"ನನಗೆ ಮಾನಸ್ತಂಭ ಗೊತ್ತುಂಟು ಮಾರಾಯ್ರೆ," ಅಂದರು ಅತ್ತೆ. "ನೀವು ರಸ್ತೆ ನೋಡಿ."

"ಸಾವಿರ ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ."

"ಎಣಿಸಿದ್ದೀರಾ?"

"ಎಣಿಸ್ಲಿಕ್ಕೆ ನನ್ನನ್ನು ಒಳಗೆ ಬಿಟ್ಟರೆ ಅಲ್ವಾ ಅಮ್ಮ," ಅಂದ ಅವನು, ಮೈಕಿನಲ್ಲಿಯೇ. ಅತ್ತೆಗೆ ಆ ಉತ್ತರ ಇಷ್ಟವಾಯಿತೆಂದು ಅವರು ಸೆರಗು ಸರಿಮಾಡಿಕೊಂಡ ರೀತಿಯಲ್ಲೇ ನನಗೆ ತಿಳಿಯಿತು.

ಅದು ರಂಜಾನ್ ತಿಂಗಳು, ಬೇಸಿಗೆ ಆಗಲೇ ಕಾವೇರಿತ್ತು. ಮಧ್ಯಾಹ್ನ ಒಂದು ಬಸದಿಯ ಜಗಲಿಯಲ್ಲಿ ಬುತ್ತಿ ಬಿಚ್ಚಿದಾಗ ಅವನನ್ನೂ ಕರೆದೆ. ಉಪವಾಸ ಅಂದ. ನೀರಾದರೂ ಕುಡಿ ಎಂದೆ. ಅದೂ ಇಲ್ಲ ಅಂದ. ಅತ್ತೆ ಅವನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಅವರೂ ವರ್ಷಕ್ಕೊಮ್ಮೆ ನೀರು ಬಿಟ್ಟು ಉಪವಾಸ ಮಾಡುತ್ತಿದ್ದವರು, ಸೂಜಿ ಶುರುವಾದ ಮೇಲೆ ಡಾಕ್ಟರು ಬೈದು ನಿಲ್ಲಿಸಿದ್ದರು.

"ಬಿಡುವುದು ಯಾವಾಗ?"

"ಸೂರ್ಯ ಮುಳುಗಿ ಮಸೀದಿಯಲ್ಲಿ ಬಾಂಗ್ ಆದ ಮೇಲೆ."

"ನಮ್ಮದು ಮುಳುಗುವ ಮೊದಲು. ನಿಮ್ಮದು ಮುಳುಗಿದ ಮೇಲೆ," ಅತ್ತೆ ಲೋಟ ಕೆಳಗಿಟ್ಟರು. "ಒಂದೇ ಮನೆಯಲ್ಲಿ ಇದ್ದಿದ್ದರೆ ಸೊಸೆಗೆ ಎರಡೆರಡು ಸಲ ಒಲೆ ಹಚ್ಚುವ ಕೆಲಸ."

ಅವನು ನಕ್ಕ. ನನಗೆ ನಗು ಬರಲಿಲ್ಲ, ಯಾಕೆಂದರೆ ಆಗ ಮುಗಿದಿದ್ದದ್ದು ಬರೀ ಎಂಟು ಬಸದಿ. ಪ್ರತಿಯೊಂದರಲ್ಲೂ ಅತ್ತೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು, ಪ್ರದಕ್ಷಿಣೆ ಬರುತ್ತಿದ್ದರು, ಬಿಂಬದ ಮುಂದೆ ಒಂದು ಹಿಡಿ ಅಕ್ಕಿ, ಒಂದು ಬಾದಾಮಿ, ಒಂದು ಲವಂಗ ಇಡುತ್ತಿದ್ದರು. ಸಣ್ಣ ಬಸದಿಗಳ ಬಾಗಿಲಿಗೆ ಬೀಗ ಇರುತ್ತಿತ್ತು. ನಮ್ಮಲ್ಲಿ ಪೂಜೆ ಮಾಡುವವರನ್ನು ಇಂದ್ರರು ಎನ್ನುತ್ತಾರೆ. ಅವರನ್ನು ಮನೆಯಿಂದ ಕರೆತರುವ ಕೆಲಸವೂ ಈ ರಿಕ್ಷಾದವನದ್ದೇ.

ಸಂಜೆಯ ಊಟಕ್ಕೆ ಅತ್ತೆಯ ತಂಗಿಯ ಮನೆಗೆ ಹೋಗುವುದೆಂದು ಮಾತಾಗಿತ್ತು. ವೇಣೂರಿನ ದಾರಿಯಲ್ಲಿ, ಮೂಡಬಿದ್ರೆಯಿಂದ ರಿಕ್ಷಾದಲ್ಲಿ ಅರ್ಧ ಗಂಟೆಯೂ ಬೇಡ. ಬಿಸಿಲಿರುವಾಗಲೇ ಅಲ್ಲಿ ಎಲೆ ಹಾಕಿರುತ್ತಾರೆ. ನಾಲ್ಕು ಗಂಟೆಗೆ ಹೊರಡುವ ಎಂದು ನಾನು ಬೆಳಿಗ್ಗೆಯಿಂದ ಹೇಳುತ್ತ ಬಂದಿದ್ದೆ. ನಾಲ್ಕಾಗುವಾಗ ಮೂರು ಬಸದಿ ಬಾಕಿ ಇತ್ತು.

"ಸಾಕು ಅತ್ತೆ. ಹದಿನೈದು ನೋಡಿದರೆ ಪುಣ್ಯ ಕಡಿಮೆಯಾಗುವುದಿಲ್ಲ."

"ಹದಿನೆಂಟು ಅಂದರೆ ಹದಿನೆಂಟು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕೊನೆಯ ಬಸದಿಯ ಇಂದ್ರರು ಮನೆಯಲ್ಲಿರಲಿಲ್ಲ. ಯಾವುದೋ ಪೂಜೆಗೆ ಹೋಗಿದ್ದರು. ರಿಕ್ಷಾದವನು ಅವರನ್ನು ಹುಡುಕಿಕೊಂಡು ಹೋದ. ಬಸದಿಯ ನೆರಳು ಅಂಗಳ ದಾಟಿ ರಸ್ತೆಗೆ ಚಾಚಿತು. ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಕಡೆಗೂ ಇಂದ್ರರು ಬಂದು ಬಾಗಿಲು ತೆಗೆದರು, ಅತ್ತೆ ಒಬ್ಬರೇ ಒಳಗೆ ಹೋದರು. ನಾನು ಚಪ್ಪಲಿ ಬಿಡುವಷ್ಟೂ ವ್ಯವಧಾನವಿಲ್ಲದೆ ಹೊರಗೇ ನಿಂತು ಆಕಾಶ ನೋಡುತ್ತಿದ್ದೆ.

ಹೊರಗೆ ಬಂದವರು ರಿಕ್ಷಾ ಹತ್ತಿದರು. ಗಾಡಿ ಪೇಟೆ ದಾಟಿ ವೇಣೂರಿನ ದಾರಿಯ ಅಲಂಗಾರಿನ ಕಡೆ ತಿರುಗಿದಾಗ ಚೀಲದಿಂದ ಸೂಜಿಯ ಪೆನ್ನು ತೆಗೆದು, ನಾನು ಬೇಡ ಎನ್ನುವುದರೊಳಗೆ ಸೀರೆಯ ಮರೆಯಲ್ಲಿ ಹೊಟ್ಟೆಗೆ ಚುಚ್ಚಿಕೊಂಡೇಬಿಟ್ಟರು.

"ಮನೆ ಮುಟ್ಟಲಿಲ್ಲ ಇನ್ನೂ!"

"ಮುಟ್ಟಿದ ಕೂಡಲೇ ಉಣ್ಣಲಿಕ್ಕೆ ಬೇಡವಾ? ಹೊತ್ತೆಲ್ಲಿ ಉಂಟು? ಅಲ್ಲಿ ಹೋಗಿ ಇದು ಹಾಕಿ ಆಮೇಲೆ ಕಾಯುತ್ತಾ ಕೂತರೆ ಸೂರ್ಯ ಕಾಯ್ತಾನಾ?"

ಲೆಕ್ಕ ಸರಿಯಾಗಿಯೇ ಇತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಒಂದು ಬಸ್ಸು ನಿಂತಿತು, ಅದರ ಮುಂದೆ ಕಾರುಗಳು, ಅವುಗಳ ಮುಂದೆ ತಿರುವಿನಲ್ಲಿ ಕೆಂಪು ಕಲ್ಲು ಹೇರಿದ ಒಂದು ಲಾರಿ ಅಡ್ಡಕ್ಕೆ ಮಗುಚಿತ್ತು. ಕಟ್ಟಡದ ಕಲ್ಲುಗಳು ರಸ್ತೆಯ ಈ ಬದಿಯಿಂದ ಆ ಬದಿಗೆ ಚೆಲ್ಲಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಸೈಕಲ್ಲು ಕೂಡ ಆಚೆ ಹೋಗುವಂತಿರಲಿಲ್ಲ. ಹಿಂದಕ್ಕೆ ತಿರುಗಿಸುವ ಎಂದರೆ ಅಷ್ಟರಲ್ಲಿ ನಮ್ಮ ಬೆನ್ನಿಗೆ ಒಂದು ಟ್ಯಾಂಕರ್ ಬಂದು ನಿಂತು, ಅದರ ಹಿಂದೆ ಸಾಲು ಬೆಳೆದಿತ್ತು. ಒಂದು ಬದಿಗೆ ಗುಡ್ಡ ಕಡಿದ ಗೋಡೆ, ಇನ್ನೊಂದು ಬದಿಗೆ ಆಳದ ಗದ್ದೆ. ಅಂಗಡಿ ಇಲ್ಲ, ಮನೆ ಇಲ್ಲ.

ರಿಕ್ಷಾದವನು ಇಳಿದು ಹೋಗಿ ಬಂದ. "ಕಲ್ಲು ಹೆಕ್ತಾ ಇದ್ದಾರೆ ಅಕ್ಕ. ಹೊತ್ತು ಹಿಡೀತದೆ."

ನಾನು ಅತ್ತೆಯ ಚೀಲಕ್ಕೆ ಕೈ ಹಾಕಿ ಕಲ್ಲುಸಕ್ಕರೆಯ ಡಬ್ಬಿ ತೆಗೆದೆ. ಇಂಥ ಹೊತ್ತಿಗೆಂದೇ ಇಟ್ಟದ್ದು. ಅದು ಹಗುರವಿತ್ತು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ.

"ಎಲ್ಲಿ ಇದರಲ್ಲಿದ್ದದ್ದು?"

"ಕೊನೆಯ ಬಸದಿಗೆ ಅಕ್ಕಿ ಬಾದಾಮಿ ಎಲ್ಲ ಮುಗಿದಿತ್ತು," ಅಂದರು ಅತ್ತೆ. "ಬರಿಗೈಯಲ್ಲಿ ಹೋಗ್ಲಿಕ್ಕೆ ಆಗ್ತದಾ? ಅದನ್ನೇ ಇಟ್ಟೆ."

ದೇವರ ಮುಂದೆ ಇಟ್ಟದ್ದು ನಮಗೆ ನಿರ್ಮಾಲ್ಯ. ಮರಳಿ ತೆಗೆದುಕೊಳ್ಳುವುದೂ ತಪ್ಪು, ತಿನ್ನುವುದು ಇನ್ನೂ ತಪ್ಪು. ಒಂದು ಚೂರನ್ನೂ ಉಳಿಸಿಕೊಳ್ಳದೆ ಡಬ್ಬಿಯನ್ನು ಪೂರ್ತಿ ಸುರಿದು ಬಂದಿದ್ದರು. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಇನ್ನೊಬ್ಬರ ಪ್ರಾಣ ಕಾಯುವ ಸೊಸೆಯ ಪಾಡು ಯಾವ ಶಾಸ್ತ್ರಕ್ಕೂ ಬೇಡ. "ನಿಮ್ಮ ಮದ್ದನ್ನು ದೇವರಿಗೆ ಕೊಟ್ಟು ಬಂದಿರಲ್ಲ, ದೇವರಿಗೇನು ಶುಗರ್ ಇಳಿದಿತ್ತಾ?" ಎಂದು ಕೂಗಿಯೇಬಿಟ್ಟೆ. ಮುಂದಿನ ಬಸ್ಸಿನ ಕಿಟಕಿಯಿಂದ ಎರಡು ತಲೆ ಹೊರಗೆ ಬಂದವು.

ಅತ್ತೆ ತಿರುಗಿ ಕೂಗಬೇಕಿತ್ತು. ಕೂಗಲಿಲ್ಲ. ಕಂಬಿಗೆ ತಲೆ ಆನಿಸಿ ಹೇಳಿದರು: "ಬೈಬೇಡ ಮಗಳೇ."

ಕೆಳಗೆ ಇಳಿದು ಸಾಲಿನುದ್ದಕ್ಕೂ ಓಡಿದೆ. ಹಣ್ಣು ಉಂಟಾ, ಬೆಲ್ಲ ಉಂಟಾ, ಸಕ್ಕರೆ ಉಂಟಾ ಎಂದು ಒಂದೊಂದು ಗಾಡಿಯ ಕಿಟಕಿಗೂ ಕೇಳಿದೆ. ಬೈಕಿನವರೊಬ್ಬರು ಬಿಸ್ಕತ್ತಿನ ಪೊಟ್ಟಣ ಕೊಟ್ಟರು, ಕಾರಿನಲ್ಲಿದ್ದ ಹೆಂಗಸೊಬ್ಬರು ತಂಪು ಪಾನೀಯದ ಬಾಟಲಿ ಕೊಟ್ಟರು. ಎರಡನ್ನೂ ಹಿಡಿದುಕೊಂಡು ಬಂದೆ. ಅತ್ತೆಯ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ಬೆರಳುಗಳು ನಡುಗುತ್ತಿದ್ದವು. ಬಿಸ್ಕತ್ತು ತುಟಿಗೆ ಹಿಡಿದರೆ ಮುಖ ತಿರುಗಿಸಿದರು. ಬಾಟಲಿ ಹಿಡಿದರೆ ಹಲ್ಲು ಕಚ್ಚಿಕೊಂಡರು. ಬಲವಂತ ಮಾಡಿದೆ, ಗಲ್ಲದ ಮೇಲೆ ಹರಿದು ರವಿಕೆ ಒದ್ದೆಯಾಯಿತೇ ಹೊರತು ಒಳಗೆ ಹೋಗಲಿಲ್ಲ.

"ಇಷ್ಟು ವರ್ಷ ಮುಟ್ಟಲಿಲ್ಲ," ಅಂದರು. ಮಾತು ತೊದಲುತ್ತಿತ್ತು. "ಈಗ ಬೇಡ ಮಗಳೇ."

ಇದನ್ನೆಲ್ಲ ರಿಕ್ಷಾದವನು ನಿಂತು ನೋಡುತ್ತಿದ್ದ. ಆಮೇಲೆ ತನ್ನ ಸೀಟಿನ ಕೆಳಗಿನಿಂದ ಒಂದು ಚೀಲ ತೆಗೆದ. ಅದರಲ್ಲಿ ಒಂದು ಬಾಟಲಿ ನೀರು, ಒಂದು ಸಣ್ಣ ಸ್ಟೀಲಿನ ಡಬ್ಬಿ. ಡಬ್ಬಿಯ ತುಂಬ ಖರ್ಜೂರ.

"ಹಣ್ಣು ಅಮ್ಮ. ಬೇಯಿಸಿದ್ದಲ್ಲ. ಇದು ಆಗ್ತದಲ್ಲ?"

ಅತ್ತೆ ಕಣ್ಣು ತೆರೆದು ಡಬ್ಬಿ ನೋಡಿದರು, ಅವನನ್ನು ನೋಡಿದರು, ತಲೆಯಾಡಿಸಿದರು. ಬೇಡ.

ಅವನ ಮುಖ ಸಣ್ಣದಾಯಿತು. ಡಬ್ಬಿ ಹಿಡಿದ ಕೈ ಸ್ವಲ್ಪ ಹಿಂದಕ್ಕೆ ಹೋಯಿತು. ಅವನು ಏನು ಎಣಿಸಿದನೋ ನಾನೂ ಅದನ್ನೇ ಎಣಿಸಿದೆ. "ಅತ್ತೆ, ಅವರ ಕೈಯದ್ದು ಅಂತ ಬೇಡವಾ? ಸಾಯುವ ಹೊತ್ತಿನಲ್ಲೂ ಇದಾ?" ಎಂದು ಅವನೆದುರೇ ಕೇಳಿದೆ.

"ಥೂ, ಬಾಯಿ ಮುಚ್ಚು," ಎಂದರು ಅತ್ತೆ. ಅಷ್ಟು ಸಿಟ್ಟು ಉಳಿದಿತ್ತಲ್ಲ ಎಂದು ನನಗೆ ಒಂದು ಗಳಿಗೆ ಜೀವ ಬಂತು. ಆಮೇಲೆ ಉಸಿರು ಹಿಡಿದು ಹಿಡಿದು ಹೇಳಿದರು: "ಅವನು ಬೆಳಿಗ್ಗೆಯಿಂದ ಬಾಯಿ ಕಟ್ಟಿದ್ದಾನೆ. ಅದು ಅವನ ಪಾರಣೆಯದ್ದು. ಉಪವಾಸ ಮಾಡಿದವನ ಪಾರಣೆಯ ತುತ್ತು ಕಸಿದು ತಿಂದರೆ ನನಗೆ ಯಾವ ನರಕ?"

ಅವನು ರಸ್ತೆಯ ಮೇಲೆಯೇ ಕುಕ್ಕರಗಾಲಿನಲ್ಲಿ ಕುಳಿತ, ಅತ್ತೆಯ ಮುಖಕ್ಕೆ ಸಮನಾಗಿ. "ನನಗೆ ನೀರಿನಲ್ಲಿ ಬಿಟ್ಟರೂ ಆಗ್ತದೆ ಅಮ್ಮ. ನೀರು ಉಂಟು ನೋಡಿ. ಖರ್ಜೂರ ಇಲ್ಲದಿದ್ರೆ ಉಪವಾಸ ಹಾಳಾಗುವುದಿಲ್ಲ. ನಿಮ್ಮನ್ನು ಹೀಗೆ ಬಿಟ್ಟು ನಾನು ಒಬ್ಬನೇ ತಿಂದ್ರೆ ಹಾಳಾಗ್ತದೆ."

ಅತ್ತೆ ಅದನ್ನು ಒಪ್ಪಿದರೋ, ವಾದಿಸುವ ಶಕ್ತಿ ಇರಲಿಲ್ಲವೋ. ಡಬ್ಬಿಗೆ ಕೈ ಚಾಚಿದವರು ಅರ್ಧದಲ್ಲೇ ನಿಲ್ಲಿಸಿ ಪಡುವಣಕ್ಕೆ ನೋಡಿದರು. ಸೂರ್ಯ ಗುಡ್ಡದ ಹಿಂದೆ ಹೋಗಿಯಾಗಿತ್ತು. ಆಕಾಶ ಬೆಳಕಾಗಿತ್ತು, ಆದರೆ ರಸ್ತೆಯ ಮೇಲೆ ಬಿಸಿಲಿರಲಿಲ್ಲ. ಮುಳುಗಿದ್ದೋ, ಬರೀ ಗುಡ್ಡದ ಮರೆಯೋ?

"ಮುಳುಗಿಲ್ಲ ಅತ್ತೆ. ಗುಡ್ಡ ಅಡ್ಡ ಬಂದದ್ದು ಅಷ್ಟೆ. ತಿನ್ನಿ."

"ನಿನ್ನನ್ನು ಕೇಳಲಿಲ್ಲ." ಅವರು ರಿಕ್ಷಾದವನ ಕಡೆ ತಿರುಗಿದರು. "ಮಗಾ, ನೀನು ಹೇಳು. ನಿನ್ನ ಹೊತ್ತು ಆಯಿತಾ?"

ನನಗೆ ಅವರ ತಲೆ ಆಗಲೂ ಓಡುತ್ತಿತ್ತೆಂದು ಆಶ್ಚರ್ಯ. ಬೆಳಿಗ್ಗೆಯಿಂದ ನೀರಿಲ್ಲದೆ ಕಾಯುತ್ತಿರುವವನು ಸೂರ್ಯನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮುಳುಗಿದ್ದರೆ ಮೊದಲು ನೀರಿನ ಬಾಟಲಿ ಎತ್ತುವವನು ಅವನೇ.

ಅವನು ಮೊಬೈಲು ನೋಡಿದ, ಆಕಾಶ ನೋಡಿದ. "ಇಲ್ಲ ಅಮ್ಮ. ನನ್ನದು ಇನ್ನೂ ಆಗಿಲ್ಲ. ನಿಮ್ಮದು ಉಂಟು."

ಅತ್ತೆ ಒಂದು ಖರ್ಜೂರ ತೆಗೆದುಕೊಂಡರು. ಬಾಯಿಗೆ ಹಾಕಲಿಲ್ಲ. ಯಾವ ಹಣ್ಣನ್ನಾಗಲಿ ಬಿಡಿಸಿ, ಒಳಗೆ ಹುಳವಿಲ್ಲವೆಂದು ನೋಡದೆ ಅವರು ತಿನ್ನುವವರಲ್ಲ. ನಡುಗುವ ಬೆರಳಿನಿಂದ ಸಿಪ್ಪೆ ಸೀಳಿ, ಬೀಜ ತೆಗೆದು, ಎರಡು ಹೋಳನ್ನೂ ಬೆಳಕಿಗೆ ಹಿಡಿದು ನೋಡಿದರು. ನಾನು ಬಿಡಿಸಿ ಕೊಡುತ್ತೇನೆಂದರೆ ಕೈ ತಳ್ಳಿದರು. ಒಂದು ತಿಂದರು. ಎರಡನೆಯದು ಕೆಳಗೆ ಬಿತ್ತು. ಮೂರನೆಯದನ್ನು ಹಿಡಿದರು. ಒಂದು ಹಣ್ಣಿಗೆ ಇಷ್ಟು ಹೊತ್ತು ಹಿಡಿಯುವುದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಅವರ ಮುಖಕ್ಕೆ ಬಣ್ಣ ಬಂದಿರಲಿಲ್ಲ, ಇನ್ನೂ ನಾಲ್ಕೈದಾದರೂ ಒಳಗೆ ಹೋಗಬೇಕಿತ್ತು.

ಆಗ ಗದ್ದೆಯ ಆಚೆಯಿಂದ, ಎಲ್ಲೋ ದೂರದಿಂದ, ಬಾಂಗ್ ಶುರುವಾಯಿತು.

ಗಾಳಿಯಲ್ಲಿ ಅರ್ಧಂಬರ್ಧ ಬರುತ್ತಿತ್ತು. ನಾನು ಅವನನ್ನು ನೋಡಿದೆ. ಅವನ ಕೈ ಅಭ್ಯಾಸದಂತೆ ನೀರಿನ ಬಾಟಲಿಗೆ ಹೋಗಿ ಅಲ್ಲೇ ನಿಂತಿತು. ಅತ್ತೆ ತಲೆ ತಗ್ಗಿಸಿ ಮೂರನೆಯ ಖರ್ಜೂರವನ್ನು ಸೀಳುತ್ತಿದ್ದರು.

ಅವನು ಬಾಟಲಿ ಬಿಟ್ಟು ಎದ್ದ. ತನ್ನ ಸೀಟಿಗೆ ಹೋಗಿ ಕುಳಿತು, ಕೊರಳಿಗೆ ಮೈಕ್ ಹಾಕಿ, ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದ.

"ಮಾನ್ಯ ಪ್ರವಾಸಿಗರೇ! ಮೂಡಬಿದ್ರೆಯ ಸಾವಿರ ಕಂಬದ ಬಸದಿಯು ನಮ್ಮ ಜಿಲ್ಲೆಯ ಹೆಮ್ಮೆಯಾಗಿರುತ್ತದೆ! ಇದರ ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ!"

ಟ್ಯಾಂಕರಿನ ಡ್ರೈವರ್ ಇಳಿದು ಬಂದು, ಈತನಿಗೆ ಹುಚ್ಚೇ ಎಂಬಂತೆ ನೋಡಿದ. ಬಸ್ಸಿನಲ್ಲಿ ಯಾರೋ ನಕ್ಕರು. ಅವನು ಯಾರನ್ನೂ ನೋಡಲಿಲ್ಲ. ಗುರು ಬಸದಿ ಹೇಳಿದ, ಲೆಪ್ಪದ ಬಸದಿ ಹೇಳಿದ, ಕೆರೆ ಬಸದಿ ಹೇಳಿದ. ಬೆಳಿಗ್ಗೆಯಿಂದ ನೀರು ಕಾಣದ ಗಂಟಲು ಒಡೆದು ಒಡೆದು ಬರುತ್ತಿತ್ತು. ಉಸಿರು ತೆಗೆಯುವ ಸಂದಿನಲ್ಲಿ ಬಾಂಗಿನ ಒಂದು ಎಳೆ ತೂರಿ ಬಂದರೆ ಮತ್ತೆ ಧ್ವನಿ ಏರಿಸುತ್ತಿದ್ದ. ನಾನು ಅತ್ತೆಯ ಕೈಯನ್ನೇ ನೋಡುತ್ತ ಕುಳಿತಿದ್ದೆ. ಬಿಡಿಸಿದರು, ನೋಡಿದರು, ತಿಂದರು. ಇನ್ನೊಂದು. ಮತ್ತೊಂದು. ಅವನು ಹದಿನೆಂಟು ಬಸದಿಯನ್ನೂ ಮುಗಿಸುವ ತನಕ ನಿಲ್ಲಿಸಲಿಲ್ಲ. ಅಷ್ಟು ಹೊತ್ತಿಗೆ ಡಬ್ಬಿಯಲ್ಲಿ ಬೀಜಗಳು ಮಾತ್ರ ಇದ್ದವು.

ಕೆಲ ಹೊತ್ತಿನಲ್ಲಿ ಅತ್ತೆಯ ಬೆವರು ಆರಿತು, ನಡುಕ ನಿಂತಿತು. ರಸ್ತೆಯ ಒಂದು ಬದಿಯ ಕಲ್ಲು ಸರಿಸಿ ದಾರಿ ಬಿಟ್ಟರು. ಗಾಡಿ ಹೊರಟಿತು. ಕತ್ತಲಾಗುತ್ತಿತ್ತು, ಎದುರಿನ ಗಾಡಿಗಳು ದೀಪ ಹಾಕಿಕೊಂಡಿದ್ದವು. ಅವನು ನೀರು ಕುಡಿಯಲಿಲ್ಲ. ಬಾಟಲಿ ಅವನ ಕಾಲ ಬಳಿ ಉರುಳುತ್ತಿತ್ತು. ಕುಡಿದರೆ ಅತ್ತೆಗೆ ಗೊತ್ತಾಗುತ್ತದೆ; ಗೊತ್ತಾದರೆ, ತಿಂದದ್ದೆಲ್ಲ ಹೊತ್ತು ಮುಳುಗಿದ ಮೇಲಿನದ್ದೆಂದು ಆ ಮುದಿಜೀವ ಕೊರಗುತ್ತದೆ. ಇದನ್ನು ಅವನು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕನ್ನಡಿಯಲ್ಲಿ ಒಮ್ಮೆ ನಮ್ಮಿಬ್ಬರ ಕಣ್ಣು ಕೂಡಿತು. ಅವನು ತುಟಿ ನೆಕ್ಕಿಕೊಂಡು ರಸ್ತೆ ನೋಡಿದ.

ಚಿಕ್ಕತ್ತೆಯ ಮನೆಯ ಅಂಗಳದಲ್ಲಿ ದೀಪ ಹಾಕಿ ಎಲ್ಲರೂ ಹೊರಗೆ ನಿಂತಿದ್ದರು. ರಿಕ್ಷಾ ನಿಂತ ಕೂಡಲೇ ನಾನು ಇಳಿದು ಅತ್ತೆಗೆ ಕೈ ಕೊಟ್ಟೆ. ಅವರು ನನ್ನ ಕೈ ಹಿಡಿಯಲಿಲ್ಲ. ಕಂಬಿ ಹಿಡಿದು ತಾವೇ ಇಳಿದರು, ಸೆರಗು ಹೊದ್ದರು, ನಡೆದು ಮೆಟ್ಟಿಲ ಬಳಿ ಹೋಗಿ ತಿರುಗಿ ನನ್ನನ್ನು ಗದರಿದರು:

"ಎಂತ ಮರದ ಗೊಂಬೆಯ ಹಾಗೆ ನಿಂತಿದ್ದಿ? ಆ ಹುಡುಗನಿಗೆ ಮೊದಲು ನೀರು ಕೊಡು. ಬಾಂಗ್ ಆಗಿ ಎಷ್ಟು ಹೊತ್ತಾಯಿತು!"

ನಾನು ಅವನನ್ನು ನೋಡಿದೆ. ಅವನು ಹ್ಯಾಂಡಲ್ ಹಿಡಿದುಕೊಂಡು ಕುಳಿತೇ ಇದ್ದ, ಕೊರಳಲ್ಲಿ ಮೈಕ್ ಇನ್ನೂ ನೇತಾಡುತ್ತಿತ್ತು. ಅತ್ತೆ ಹಿಂದಿರುಗಿ ನೋಡದೆ ಒಳಗೆ ಹೋದರು. ನಾನು ಬಾವಿಕಟ್ಟೆಗೆ ಓಡಿ ತಣ್ಣೀರಿನ ಚೊಂಬು ತುಂಬಿಸಿ ತಂದು ಅವನ ಕೈಗೆ ಕೊಟ್ಟೆ.